ಬೆಂಗಳೂರು ಬಿಯರ್ ಮೀಮಾಂಸೆ

ಕನ್ನಡದಲ್ಲಿ ಕಾವ್ಯಮೀಮಾಂಸೆಯ ಮೇಲೆ ಕಪಾಟು ತುಂಬುವಷ್ಟು ಗ್ರಂಥಗಳಿವೆ. ಬಿಯರ್ ಮೀಮಾಂಸೆಯ ಮೇಲೆ ಒಂದು ಕಿರುಹೊತ್ತಗೆಯೂ ಇಲ್ಲ. ನಾಡಿನ ರಾಜಧಾನಿಯಲ್ಲಿ ಬಿಯರ್ ಬಿಡುಗಡೆಗೆ ಪುಸ್ತಕ ಬಿಡುಗಡೆಗಿಂತ ಹೆಚ್ಚು ಜನ ಸೇರುತ್ತಾರೆ. ಶಾಲು, ಹಾರ, ಉಪ್ಪಿಟ್ಟು ಯಾವ ಆಮಿಷವೂ ಇಲ್ಲದೆ, ತಮ್ಮದೇ ಕಾಸು ಕೊಟ್ಟು ಸೇರುತ್ತಾರೆ. ಇಂಥ ಸಾಂಸ್ಕೃತಿಕ ವಿದ್ಯಮಾನದ ಬಗ್ಗೆ ವಿದ್ವಾಂಸರು ವಹಿಸಿರುವ ಮೌನ ಅಕ್ಷಮ್ಯ. ಆ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧ. ಕ್ಷೇತ್ರಕಾರ್ಯಕ್ಕೆ ಯಾವ ವಿಶ್ವವಿದ್ಯಾಲಯವೂ ಅನುದಾನ ಕೊಡಲಿಲ್ಲ ಎಂಬುದನ್ನು ವಿಷಾದದಿಂದ ದಾಖಲಿಸಿ ಮುಂದುವರಿಯುತ್ತೇವೆ.

ಮೊದಲು ಪೂರ್ವಪಕ್ಷ. ಬಿಯರ್ ಪರಕೀಯ, ಅದಕ್ಕೆ ನಮ್ಮ ಶಾಸ್ತ್ರ ಯಾಕೆ ಎಂದು ಕೇಳುವವರುಂಟು. ಇವರು ದಂಡಿಯನ್ನು ಓದಿಲ್ಲ. ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳಲ್ಲಿ ನಗರ, ಸಮುದ್ರ, ಚಂದ್ರೋದಯಗಳ ಸಾಲಿನಲ್ಲೇ ಮಧುಪಾನವನ್ನೂ ಆತ ಕೂರಿಸಿದ್ದಾನೆ. ಪಂಪ 941ರ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೇ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು, ಜೊತೆಗೆ ನಂಚಿಕೊಳ್ಳುವ ಚಕ್ಕಣವನ್ನೂ ಬಿಡದೆ ವರ್ಣಿಸಿದ್ದಾನೆ. ಆದಿಕವಿಗೆ ಇಲ್ಲದ ಮಡಿ ಅಧ್ಯಾಪಕರಿಗೆ ಯಾಕೆ? ಪೂರ್ವಪಕ್ಷ ಇಲ್ಲಿಗೆ ಮುಗಿಯಿತು.

ಚರಿತ್ರೆಯನ್ನು ಚುಟುಕಾಗಿ ಹೇಳುವುದಾದರೆ, 1915ರಲ್ಲಿ ಹುಟ್ಟಿದ ಯುನೈಟೆಡ್ ಬ್ರೂವರೀಸ್‌ನ ದೀರ್ಘಕಾಲವನ್ನು ನಾವು ‘ಏಕಕವಿ ಯುಗ’ ಎಂದು ಕರೆಯುತ್ತೇವೆ. ಆ ಯುಗದಲ್ಲಿ ಕುಡಿಯುವವನಿಗೆ ಎರಡೇ ಪಾಠಾಂತರ: ಸ್ಟ್ರಾಂಗ್ ಅಥವಾ ಮೈಲ್ಡ್. ಬಿಯರನ್ನು ತಾನೇ ಕುದಿಸಿ ಮಾರುವ ಪುಣೆಯ ಮೈಕ್ರೋಬ್ರೂವರಿ ಡೂಲಾಲಿ 2009ರಲ್ಲಿ ಬಾಗಿಲು ತೆರೆದ ಬಳಿಕ ಗಾಳಿ ತಿರುಗಿತು. ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, ಮಿಚಿಗನ್ನಿನಿಂದ ಬಂದ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇವೆಲ್ಲ 2010ರಿಂದ 2012ರೊಳಗೆ ಬಂದವು. ಇದೇ ನವ್ಯ. ನವ್ಯದಲ್ಲಿ ಆದಂತೆ ಇಲ್ಲಿಯೂ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತೆಂದು ಹೇಳಿಕೊಳ್ಳುವುದು ಕಡ್ಡಾಯವಾಯಿತು.

ಮೈಕ್ರೋಬ್ರೂವರಿಯ ಬಿಯರು ಮೂಲತಃ ಮೌಖಿಕ ಪರಂಪರೆಗೆ ಸೇರಿದ್ದು. ಅಬಕಾರಿ ಲೈಸೆನ್ಸಿನ ಪ್ರಕಾರ ಕುದಿಸಿದ ಸೂರಿನಡಿಯೇ ಕುಡಿದು ಮುಗಿಸಬೇಕಿತ್ತು. ಬಾಟಲಿ ಎಂಬ ಮುದ್ರಿತ ಆವೃತ್ತಿ ಇರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಟ್ಯಾಂಕುಗಟ್ಟಲೆ ಬಿಯರ್ ಕೆಡುವ ಸ್ಥಿತಿ ಬಂದಾಗ ಮಾತ್ರ ಸರ್ಕಾರ ಪಾರ್ಸೆಲ್ಲಿಗೆ ಒಪ್ಪಿತು. ಜನ ಸ್ಟೀಲ್ ಫ್ಲಾಸ್ಕು ಹಿಡಿದು ಸಾಲು ನಿಂತರು. ಮೌಖಿಕ ಪಠ್ಯವೊಂದು ಲಿಪಿಗಿಳಿದ ಈ ಘಟ್ಟದ ಬಗ್ಗೆ ಜಾನಪದ ವಿಭಾಗಗಳು ಈವರೆಗೆ ವಿಚಾರ ಸಂಕಿರಣ ನಡೆಸಿಲ್ಲ.

ಇನ್ನು ಸಿದ್ಧಾಂತ. ಹೆಫೆವೈಜನ್ ಎಂಬ ಗೋಧಿ ಬಿಯರನ್ನು ಮೂಗಿನ ಹತ್ತಿರ ತಂದರೆ ಬಾಳೆಹಣ್ಣಿನ ವಾಸನೆ ಬರುತ್ತದೆ, ಹಿಂದೆಯೇ ಲವಂಗ. ಅದರೊಳಗೆ ಬಾಳೆಹಣ್ಣಿಲ್ಲ, ಲವಂಗವೂ ಇಲ್ಲ. ಯೀಸ್ಟ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಹುಟ್ಟಿ ಬಾಳೆಯನ್ನು ನೆನಪಿಸುತ್ತದೆ. 4-ವಿನೈಲ್ ಗ್ವಾಯಕಾಲ್ ಲವಂಗವನ್ನು ಸೂಚಿಸುತ್ತದೆ. ಹೇಳದೆ ಹೊಳೆಯಿಸುವುದು! ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಕೂತು ಆನಂದವರ್ಧನ ಧ್ವನಿ ಎಂದು ಕರೆದದ್ದು ಇದನ್ನಲ್ಲದೆ ಇನ್ನೇನು? ವಾಚ್ಯಾರ್ಥ ಗೋಧಿ, ಬಾರ್ಲಿ, ವ್ಯಂಗ್ಯಾರ್ಥ ಬಾಳೆ. ಇದೇ ಐಸೊಅಮೈಲ್ ಅಸಿಟೇಟನ್ನು ಜೇನುಹುಳು ಅಪಾಯದ ಸೂಚನೆಯಾಗಿ ಬಿಡುತ್ತದೆ. ಅಂದರೆ ಒಂದೇ ಧ್ವನಿಯಿಂದ ಮನುಷ್ಯನಿಗೆ ಶೃಂಗಾರ, ಜೇನಿಗೆ ರೌದ್ರ. ರಸ ಸಹೃದಯನಲ್ಲಿ ಹುಟ್ಟುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಮಾರ್ಗವಿಚಾರಕ್ಕೆ ಬಂದರೆ ‘ಕವಿರಾಜಮಾರ್ಗ’ಕ್ಕೆ ಶರಣಾಗಲೇಬೇಕು. ಅಲ್ಲಿ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು. ಐಪಿಎ ಎಂಬ ಇಂಡಿಯಾ ಪೇಲ್ ಏಲ್ ಬಿಯರಿನಲ್ಲೂ ಮುಖ್ಯವಾಗಿ ಎರಡು. ವೆಸ್ಟ್ ಕೋಸ್ಟ್ ಮಾರ್ಗ ತಿಳಿ, ಕಹಿ, ನೇರ. ನ್ಯೂ ಇಂಗ್ಲೆಂಡ್ ಮಾರ್ಗ ಕದಡಿದ ಮಾವಿನ ರಸದ ಹಾಗೆ ಮಬ್ಬು, ಕಹಿ ಕಡಿಮೆ, ಹಣ್ಣಿನ ಘಮ ಜಾಸ್ತಿ. ಮೊದಲ ಮಾರ್ಗದವರು ಎರಡನೆಯದನ್ನು ಜ್ಯೂಸ್ ಎಂದು ಹೀಗಳೆಯುತ್ತಾರೆ. ಎರಡನೆಯವರು ಮೊದಲಿನದನ್ನು ಕಷಾಯ ಎನ್ನುತ್ತಾರೆ. ಹೆಸರಿನಲ್ಲಿ ಇಂಡಿಯಾ ಇದ್ದರೂ ಹಾಪ್ಸ್ ಹೂವು ಬಹುಪಾಲು ಬರುವುದು ಹೊರದೇಶಗಳಿಂದ. ಕಹಿಯನ್ನು ಐಬಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಕರುಣ ರಸಕ್ಕೂ ಇಂಥದೊಂದು ಮಾನ ಇದ್ದಿದ್ದರೆ ನಮ್ಮ ಪ್ರಶಸ್ತಿ ಸಮಿತಿಗಳಿಗೆ ಎಷ್ಟು ಅನುಕೂಲವಾಗುತ್ತಿತ್ತು!

ಅಲಂಕಾರಗಳಲ್ಲಿ ಈ ಕ್ಷೇತ್ರಕ್ಕೆ ಅತಿಪ್ರಿಯವಾದದ್ದು ಶ್ಲೇಷ. ಗೈಸ್ಟ್ ಬ್ರೂವರಿಯವರ ಅಂಕಲ್ ಡಂಕೆಲ್, ಜೇಮ್ಸ್ ಬ್ಲಾಂಡ್, ಸಿಟ್ರಾ ಹಾಪ್ಸಿನ ಕಾಮಸಿಟ್ರಾ ಇವು ಉದಾಹರಣೆಗಳು. ಟಾಯ್ಟ್ ಎಂಬ ಹೆಸರಿನ ಶ್ಲೇಷವನ್ನು ಬಿಡಿಸಲು ಟೀಕಾಕಾರ ಬೇಡ, ಯಾವ ಆಟೋ ಚಾಲಕನನ್ನು ಕೇಳಿದರೂ ಸಾಕು. ಶ್ಲೇಷ ಅತಿಯಾದರೆ ಕಾವ್ಯ ಚಿತ್ರಕಾವ್ಯಕ್ಕೆ ಇಳಿಯುತ್ತದೆ ಎಂದು ಹಿರಿಯರು ಎಚ್ಚರಿಸಿದ್ದಾರೆ. ಹೊಸ ಬಿಯರಿಗೆ ಹೆಸರಿಡುವವರು ಈ ಭಾಗವನ್ನು ಹಾರಿಸಿ ಓದಿದಂತಿದೆ.

ದೋಷಪ್ರಕರಣ ದೊಡ್ಡದು, ಮತ್ತು ಇದರಲ್ಲೇ ನಿಜವಾದ ವಿದ್ಯೆ ಇರುವುದು. ಬೇಯಿಸಿದ ಜೋಳದ ವಾಸನೆ ಬಂದರೆ ಡೈಮಿಥೈಲ್ ಸಲ್ಫೈಡ್, ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರಿಗೆ ಗಾಳಿ ಸೋಕಿ ಹಳತಾಗಿದೆ. ಇವುಗಳಲ್ಲಿ ಕನ್ನಡಿಗನನ್ನು ಸುಲಭವಾಗಿ ಯಾಮಾರಿಸುವುದು ಡೈಅಸಿಟೈಲ್. ಯೀಸ್ಟಿಗೆ ತನ್ನ ಕೆಲಸ ಮುಗಿಸಲು ಬಿಡದೆ ಅವಸರದಲ್ಲಿ ತಣ್ಣಗಾಗಿಸಿದರೆ ಇದು ಉಳಿದುಬಿಡುತ್ತದೆ. ಇದರ ಗಂಧ ಬೆಣ್ಣೆಯದು. ದಾವಣಗೆರೆ ಬೆಣ್ಣೆದೋಸೆಯ ನಾಡಿನಲ್ಲಿ ಬೆಣ್ಣೆಯನ್ನು ದೋಷವೆಂದರೆ ಯಾರು ಒಪ್ಪುತ್ತಾರೆ? ಪಕ್ಕದ ಮೇಜಿನ ತಜ್ಞರು ಕಣ್ಣು ಮುಚ್ಚಿ ‘ಮೌತ್‌ಫೀಲ್ ಸೂಪರ್’ ಎಂದು ತೀರ್ಪಿತ್ತದ್ದನ್ನು ನಾವೇ ಕೇಳಿದ್ದೇವೆ. ದೋಷವೇ ಗುಣವಾಗುವ ಸಂದರ್ಭಗಳನ್ನು ಆಲಂಕಾರಿಕರು ಹೇಳಿದ್ದಾರೆ ನಿಜ. ಟ್ಯಾಂಕ್ ಬೇಗ ಖಾಲಿ ಮಾಡಬೇಕೆಂಬ ಮಾಲೀಕನ ಅವಸರ ಅವುಗಳಲ್ಲಿ ಸೇರಿಲ್ಲ.

ಔಚಿತ್ಯವನ್ನು ಬೋಧಿಸಿದ ಕ್ಷೇಮೇಂದ್ರ ಇಂದು ಬದುಕಿದ್ದರೆ ಸೀಸನಲ್ ಟ್ಯಾಪ್ ಪಟ್ಟಿ ನೋಡಿ ಕಂಗಾಲಾಗುತ್ತಿದ್ದ. ಬೇಸಿಗೆಗೆ ಮಾವು, ಕಾಫಿ ಹಾಕಿದ ಸ್ಟೌಟ್, ಹಲಸು, ಕೋಕಂ. 1810ರಲ್ಲಿ ಮ್ಯೂನಿಕ್ಕಿನಲ್ಲಿ ನಡೆದ ಬವೇರಿಯಾದ ರಾಜಕುಮಾರನ ಮದುವೆಯಿಂದ ಶುರುವಾದ ಅಕ್ಟೋಬರ್‌ಫೆಸ್ಟನ್ನು ಸೆಪ್ಟೆಂಬರಿನಲ್ಲೇ ಆರಂಭಿಸುವುದು ಯಾವ ಪಂಚಾಂಗದ ಪ್ರಕಾರ ಎಂಬುದು ಬೇರೆ ಜಿಜ್ಞಾಸೆ. ನಮ್ಮ ಮುಖ್ಯ ಆಸಕ್ತಿ ಇರುವುದು ರಾಗಿ ಬಿಯರಿನಲ್ಲಿ. 1516ರ ಬವೇರಿಯಾದ ಶುದ್ಧತಾ ಶಾಸನವೆಂಬ ಲಕ್ಷಣಗ್ರಂಥದ ಪ್ರಕಾರ ಬಿಯರೆಂದರೆ ಬಾರ್ಲಿ, ಹಾಪ್ಸ್, ನೀರು ಅಷ್ಟೇ. ಇಡೀ ಕೆಲಸ ಮಾಡುವ ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಆ ಲಕ್ಷಣಕ್ಕೆ ರಾಗಿ ಬಿಯರ್ ಒಗ್ಗುವುದಿಲ್ಲ. ಆದರೆ ಲಿಂಬೂ ಜನ ಸಿಕ್ಕಿಂ, ನೇಪಾಳಗಳಲ್ಲಿ ಹುದುಗಿಸಿದ ರಾಗಿಗೆ ಬಿಸಿನೀರು ಸುರಿದು ತೋಂಗ್ಬಾ ಹೀರುತ್ತಾರೆ, ಬವೇರಿಯಾದ ಅಪ್ಪಣೆ ಕೇಳದೆ. ಮಾಲ್ಟ್ ಮಾಡುವುದೆಂದರೆ ಕಾಳು ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸುವುದು. ಹಳೇ ಮೈಸೂರಿನ ಅಜ್ಜಿಯರು ಮಗುವಿನ ರಾಗಿ ಸರಿಗೆ ಇದನ್ನೇ ಮಾಡುತ್ತಿದ್ದರು. ಆ ಸರಿಯನ್ನು ಉಗುಳಿದ, ಮುದ್ದೆ ಕಂಡರೆ ಮುಖ ತಿರುವಿದ ಮೊಮ್ಮಗ ಈಗ ಅದೇ ಧಾನ್ಯಕ್ಕೆ ಗ್ಲಾಸಿಗೆ ನೂರಾರು ರೂಪಾಯಿ ಕೊಟ್ಟು ‘ಲೋಕಲ್ ಇಂಗ್ರೀಡಿಯೆಂಟ್, ಅರ್ಥಿ ನೋಟ್ಸ್’ ಎನ್ನುತ್ತಾನೆ. ಅಜ್ಜಿಗೆ ನೋಟ್ಸ್ ಬರೆಯುವ ಅಭ್ಯಾಸ ಇರಲಿಲ್ಲ, ಅದೇ ಅವಳ ಸೋಲು.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬಾಗಿಲಲ್ಲಿ ಆಧಾರ್ ತೋರಿಸಿ 21 ದಾಟಿದೆ ಎಂದು ರುಜುಪಡಿಸುವವನು, ಮರದ ಹಲಗೆಯ ಮೇಲೆ ಬರುವ ಪುಟ್ಟ ಲೋಟಗಳ ಸಂಕಲನವನ್ನು ಬಲದಿಂದಲೋ ಎಡದಿಂದಲೋ ಎಂದು ತಡಕಾಡದೆ ಓದಬಲ್ಲವನು, ಬಿಲ್ಲು ಬಂದಾಗ ರಸಭಂಗವಾಗದವನು. ಕೊನೆಯ ಲಕ್ಷಣ ಅತಿ ವಿರಳ.

ಉಪಸಂಹಾರದ ಬದಲು ಒಂದು ಬೇಡಿಕೆ ಸಲ್ಲಿಸುತ್ತೇವೆ. ಅಂಗಡಿ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನಿಗೆ ಬ್ರೂವರಿಗಳು ಬಾಗಿಲ ಮೇಲೆ ತಲೆಬಾಗಿವೆ. ಬಾಗಿಲ ಒಳಗಿನ ಮೆನುವಿನಲ್ಲಿ ಕನ್ನಡಕ್ಕಾಗಿ ಭೂತಗನ್ನಡಿ ಹಿಡಿಯಬೇಕು. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತಂದ ಊರಿನಲ್ಲಿ ರಾಗಿ ಬಿಯರಿನ ಹೆಸರನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ. ಓದುಗರೂ ಒಂದು ಕೆಲಸ ಮಾಡಬೇಕು: ಬಿಯರಿನಲ್ಲಿ ಬೆಣ್ಣೆ ಘಮ ಬಂದರೆ ಹೊಗಳಬೇಡಿ, ಲೋಟ ವಾಪಸ್ ಕಳಿಸಿ. ಒಳ್ಳೆಯ ಬ್ರೂವರಿಯವರಾದರೆ ತಕರಾರಿಲ್ಲದೆ ಬದಲಿಸಿ ಕೊಡುತ್ತಾರೆ.