ಚೆಂಡು ಹೊಡೆಯದ ಗಾಲ್ಫ್ ಕಾಕಾ

ಗಾಲ್ಫ್ ಕಾಕಾ ಇದುವರೆಗೆ ಒಂದೇ ಒಂದು ಗಾಲ್ಫ್ ಚೆಂಡನ್ನೂ ಹೊಡೆದವರಲ್ಲ. ಅದರ ಕೋಲನ್ನು ಕೈಯಲ್ಲಿ ಹಿಡಿದದ್ದುಂಟು, ಅಮೆರಿಕದಲ್ಲಿ ಮಗನ ಗ್ಯಾರೇಜಿನೊಳಗೆ. ಕಪಾಟಿನ ಕೆಳಗೆ ಸೇರಿಕೊಂಡಿದ್ದ ಮೊಮ್ಮಗಳ ಚಪ್ಪಲಿಯನ್ನು ಎಳೆದು ತೆಗೆಯಲಿಕ್ಕೆ. ಆದರೆ 1960ರಿಂದ ಈಚೆಗೆ ಕಟ್ಟಿದ ಗಾಲ್ಫ್ ಮೈದಾನಗಳಲ್ಲಿ ಯಾವುದರ ವಿನ್ಯಾಸ ಎಲ್ಲಕ್ಕಿಂತ ಚಲೋ ಎಂಬ ಪ್ರಶ್ನೆ ಎದ್ದರೆ ಹುಬ್ಬಳ್ಳಿಯ ಮಟ್ಟಿಗೆ ಅವರದೇ ಕೊನೆಯ ಮಾತು. ಪ್ರಶ್ನೆಯನ್ನು ಎಬ್ಬಿಸುವವರೂ ಅವರೇ ಅನ್ನುವುದು ಬೇರೆ ವಿಷಯ.

1960 ಯಾಕೆ ಎಂದು ಕೇಳಿದಿರೋ, ಉತ್ತರ ತಯಾರು. 'ಗಾಲ್ಫ್‌ವೀಕ್ ಅಂತ ಒಂದು ಪತ್ರಿಕಾ ಅದರೀ. ಅವರ ಪಟ್ಟಿಯೊಳಗ 1960ರಿಂದ ಈಚಿನದ್ದು ಮಾಡರ್ನ್, ಅದರ ಹಿಂದಿನದ್ದು ಕ್ಲಾಸಿಕ್. ಆ ಲೆಕ್ಕದಾಗ ನಾನೂ ಕ್ಲಾಸಿಕ್, ನಿಮ್ಮ ಕಾಕುನೂ ಕ್ಲಾಸಿಕ್.'

ಈ ಜಾತಿಯವರನ್ನು ನೀವು ನೋಡಿಯೇ ಇರುತ್ತೀರಿ. ವಿದ್ಯಾನಗರ, ಕೇಶ್ವಾಪುರ, ಗೋಕುಲ ರೋಡ್, ಎಲ್ಲಿ ಹೋದರೂ ಓಣಿಗೊಬ್ಬರಿದ್ದಾರೆ. ನಿವೃತ್ತಿ, ಬಿಪಿ ಗುಳಿಗೆ, ಹೊರದೇಶದಲ್ಲಿ ಮಗ, ಆಗಾಗ ಆರು ತಿಂಗಳ ವೀಸಾ. ಹೋಗುವಾಗ ಪೆಟ್ಟಿಗೆ ತುಂಬ ಶೇಂಗಾ ಚಟ್ನಿಪುಡಿ, ಬರುವಾಗ ತಲೆ ತುಂಬ ಅಭಿಪ್ರಾಯ. ಕೆಲವರು ಅಲ್ಲಿನ ಕಸದ ಡಬ್ಬಿ ಹೊಗಳುತ್ತಾರೆ, ಕೆಲವರು ಹಾರ್ನ್ ಹೊಡೆಯದ ಡ್ರೈವರುಗಳನ್ನು. ನಮ್ಮ ಕಾಕಾ ಹೊತ್ತು ತಂದದ್ದು ಗಾಲ್ಫ್. ಮಗನ ಮನೆಯ ಹಿತ್ತಲಿಗೆ ಹತ್ತಿಕೊಂಡೇ ಒಂದು ಗಾಲ್ಫ್ ಮೈದಾನವಿದೆಯಂತೆ. ಹಗಲೆಲ್ಲ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದ ಆ ದೇಶದಲ್ಲಿ ಕಾಕಾ ಕಿಟಕಿ ಮುಂದೆ ಕೂತು ನೆಲ ನೋಡುತ್ತಿದ್ದರು. ಆಟವನ್ನಲ್ಲ, ನೆಲವನ್ನು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರಿಗೆ ಚೆಂಡು ಎಲ್ಲಿ ಬಿತ್ತು ಅನ್ನುವುದಕ್ಕಿಂತ ಮಳೆ ಬಿದ್ದರೆ ನೀರು ಎತ್ತ ಹರಿದೀತು ಅನ್ನುವುದೇ ಮುಖ್ಯ.

ಅವರ ತೀರ್ಪು ಸ್ಯಾಂಡ್ ಹಿಲ್ಸ್. ನೆಬ್ರಾಸ್ಕಾ ರಾಜ್ಯದ ಮಲನ್ ಎಂಬ ಸಣ್ಣ ಊರಿನ ಹತ್ತಿರ 1995ರಲ್ಲಿ ಶುರುವಾದದ್ದು. ಗ್ಲಾಸ್ ಹೌಸ್ ತೋಟದ ಕಲ್ಲುಬೆಂಚಿನ ಮೇಲೆ ಕೂತು ಕಾಕಾ ಅದನ್ನು ಪುರಾಣದ ಹಾಗೆ ಹೇಳುತ್ತಾರೆ. 'ಉಸುಕಿನ ಗುಡ್ಡಾ ಎಲ್ಲಾ ಗಾಳಿನ ಮಾಡಿ ಇಟ್ಟಿತ್ರೀ. ಬಿಲ್ ಕೂರ್, ಬೆನ್ ಕ್ರೆನ್ಶಾ ಅಂತ ಇಬ್ಬರು. ಅಡ್ಡಾಡಿ ಅಡ್ಡಾಡಿ 130ಕ್ಕಿಂತ ಹೆಚ್ಚು ಹೋಲ್ ಗುರ್ತು ಮಾಡಿದ್ರು. ಬೇಕಾಗಿದ್ದು 18. ಉಳದದ್ದು ಹಂಗ ಬಿಟ್ಟು ಕೈ ಝಾಡಿಸಿಕೊಂಡು ಬಂದ್ರು. ನಮ್ಮ ಗುತ್ತಿಗಿದಾರ ಆಗಿದ್ರ 130ಕ್ಕೂ ಬಿಲ್ ಬರಸ್ತಿದ್ದ.'

ವರ್ಷಗಟ್ಟಲೆ ಮಣ್ಣು ಕಡಿದದ್ದು, ತುಂಬಿದ್ದು ಎಂದು ಎಂಬಿ ಎಂಬ ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಮನುಷ್ಯ, ಮಣ್ಣನ್ನೇ ಹೆಚ್ಚು ಎತ್ತದ ಮೈದಾನಕ್ಕೆ ಮನಸೋತದ್ದರಲ್ಲಿ ಒಂದು ನ್ಯಾಯವಿದೆ ಅನ್ನಿಸುತ್ತದೆ ನನಗೆ.

ಎದುರು ಪಕ್ಷ ಬ್ಯಾಂಕಿನ ಸಾಹೇಬರದು. ಮ್ಯಾನೇಜರ್ ಆಗಿ ರಿಟೈರ್ ಆದವರು, ಮಗಳು ಅಳಿಯ ಫ್ಲಾರಿಡಾದಲ್ಲಿ. ಹೀಗಾಗಿ ಅವರ ನಿಷ್ಠೆ ಅಲ್ಲಿನ ಸಾಗ್ರಾಸ್‌ಗೆ. ಪೀಟ್ ಡೈ ಕಟ್ಟಿದ ಈ ಮೈದಾನ ತೆರೆದದ್ದು 1980ರಲ್ಲಿ. 'ಬರೇ ಜವಳ ನೆಲಾ ಇತ್ತಲೇ ಕಾಕಾ! 415 ಎಕರೆ, ಕ್ರಯ ಎಷ್ಟು? ಒಂದು ಡಾಲರ್! ಇಂಥಾ ಡೀಲ್ ನಿಮ್ಮ ನೆಬ್ರಾಸ್ಕಾದಾಗ ಐತೇನು?' ಬ್ಯಾಂಕಿನವರಿಗೆ ವಿನ್ಯಾಸ ಅಂದರೆ ಮೊದಲು ಕ್ರಯಪತ್ರ. ಆಮೇಲೆ 17ನೇ ಹೋಲ್. ಸುತ್ತ ನೀರು, ನಡುವೆ ನಡುಗಡ್ಡೆಯಂಥ ಹಸಿರು. ಅದು ಮೊದಲಿನ ನಕ್ಷೆಯಲ್ಲಿ ಇರಲೇ ಇಲ್ಲ. ಉಸುಕು ತೆಗೆದು ತೆಗೆದು ಅಲ್ಲೊಂದು ದೊಡ್ಡ ತಗ್ಗು ಬಿತ್ತು. ಇದಕ್ಕೆ ನೀರು ತುಂಬಿಸಿಬಿಡಿ ಎಂದವರು ಡೈ ಅವರ ಹೆಂಡತಿ ಆಲಿಸ್. 'ಹೆಂಡ್ತಿ ಮಾತು ಕೇಳಿದ, ಜಗತ್ತಿನಾಗ ಹೆಸರಾದ' ಎಂದು ಸಾಹೇಬರು ತೊಡೆ ತಟ್ಟುತ್ತಾರೆ. ಇದಕ್ಕೆ ಕಾಕಾರ ಬಳಿ ಈವರೆಗೂ ಉತ್ತರ ಸಿಕ್ಕಿಲ್ಲ.

ಆದ್ದರಿಂದ ಅವರು ಅದೇ ಪೀಟ್ ಡೈಯ ಮತ್ತೊಂದು ಕೆಲಸದ ಮೇಲೆ ಎರಗುತ್ತಾರೆ. ವಿಸ್ಕಾನ್ಸಿನ್‌ನಲ್ಲಿ ಮಿಶಿಗನ್ ಸರೋವರದ ದಂಡೆಗೆ ಇರುವ ವಿಸ್ಲಿಂಗ್ ಸ್ಟ್ರೇಟ್ಸ್, 1998ರದ್ದು. ಮೊದಲು ಸೈನ್ಯದ ತಾಲೀಮಿಗಿದ್ದ ಸಪಾಟು ನೆಲ. ಲಾರಿಗಟ್ಟಲೆ ಉಸುಕು ಹೇರಿ, ಐರ್ಲೆಂಡಿನ ಕಡಲದಂಡೆಯ ಹಾಗೆ ದಿಬ್ಬ ಎಬ್ಬಿಸಿ, ಸಾವಿರದ ಆಸುಪಾಸು ಬಂಕರ್, ಅಂದರೆ ಉಸುಕಿನ ತಗ್ಗು, ತೋಡಿದರು. ಮೇಯಲಿಕ್ಕೆ ಕುರಿಯನ್ನೂ ಬಿಟ್ಟರು. 2010ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಹೋಲಿನಲ್ಲಿ ಡಸ್ಟಿನ್ ಜಾನ್ಸನ್ ಮಂದಿ ತುಳಿದ ಮಣ್ಣೆಂದು ತಿಳಿದು ಕೋಲು ಊರಿದ. ಅದು ಬಂಕರ್ ಆಗಿತ್ತು, ಅಲ್ಲಿ ಹಾಗೆ ಊರುವಂತಿಲ್ಲ. ಎರಡು ಹೊಡೆತದ ದಂಡ ಬಿದ್ದು ಪ್ಲೇಆಫ್‌ನಿಂದಲೇ ಹೊರಬಿದ್ದ. 'ತಗ್ಗು ಯಾವುದು ನೆಲಾ ಯಾವುದು ಆಡೋನಿಗೇ ತಿಳೀಲಿಲ್ಲಂದ್ರ ಅದೂ ಒಂದು ಡಿಸೈನೇನ್ರೀ?' ಎಂದು ಕಾಕಾ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಈ ಪ್ರಶ್ನೆ ಕೇಳಿದರೆ ಚರ್ಚೆ ಎಲ್ಲಿಗೆ ಹೊರಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಂದ ಅದು ಚಿಗರಿ ಬಸ್ಸು ಹತ್ತಿ ಧಾರವಾಡದವರೆಗೆ ಹೋಗಿ, ಮರಳಿ ಬೆಂಚಿಗೆ ಬರಲು ಅರ್ಧ ತಾಸು ಬೇಕು.

ಹೊಸಬರು ಯಾರೋ ಒಬ್ಬರು ಆಗ ಕೇಳಿಯೇ ಕೇಳುತ್ತಾರೆ: 'ನಮ್ಮಲ್ಲೂ ಒಂದು ಮಾಡಬಾರದೇನ್ರೀ?' ಇಲ್ಲಿ ಕಾಕಾ ನಿಜಕ್ಕೂ ಅರಳುತ್ತಾರೆ. 'ಎಲ್ಲಿ ಮಾಡ್ತೀರಿ? ನವಲಗುಂದದ ಕಡೆ ಎಲ್ಲಾ ಯರಿ ಭೂಮಿ. ನೀರು ಕುಡದ್ರ ಉಬ್ಬತದ, ಒಣಗಿದ್ರ ಬಾಯಿ ಬಿಡ್ತದ. ಗಾಲ್ಫ್ ಹೋಲಿನ ಅಗಲ 108 ಮಿಲಿಮೀಟರ್. ಬ್ಯಾಸಗ್ಯಾಗ ನಮ್ಮ ಹೊಲದ ಬಿರುಕು ಅದಕ್ಕಿಂತ ದೊಡ್ಡದಿರ್ತಾವ. ಎಲ್ಲಿ ಹೊಡದ್ರೂ ಹೋಲ್ ಇನ್ ವನ್. ಮಳಿಗಾಲದಾಗ ಆಡ್ರಿ, ಚೆಂಡಿನ ಜೋಡಿ ಬೂಟೂ ಒಳಗ.' ಧಾರವಾಡದ ಪಡುವಣಕ್ಕೆ ಮಸಾರಿ ನೆಲವಿದೆ, ಇಳಿಜಾರಿದೆ, ಅಲ್ಲಿ ಆದೀತು ಎಂದು ಒಪ್ಪುತ್ತಾರೆ. ನಡುವೆ ಸಾಹೇಬರು ಬೆಂಗಳೂರಿನ ಕೆಜಿಎ ಗಾಲ್ಫ್ ಮೈದಾನದ ಹೆಸರು ಎತ್ತುತ್ತಾರೆ. ಬ್ರಿಟಿಷ್ ಓಪನ್ ಐದು ಸಲ ಗೆದ್ದ ಪೀಟರ್ ಥಾಮ್ಸನ್ ಬಂದು ಹಾಕಿಕೊಟ್ಟ ನಕ್ಷೆ ಅದು. 'ಬೆಂಗಳೂರಿನವರಿಗೇನ್ರೀ, ಕೇಳಿದ್ದೆಲ್ಲಾ ಸಿಗ್ತದ' ಎಂದು ಕಾಕಾ ಆ ಕಡತವನ್ನು ಅಲ್ಲೇ ಮುಚ್ಚುತ್ತಾರೆ.

ಬೆಳಗಾವಿಯ ಮೈದಾನದ ಬಗ್ಗೆ ಮಾತ್ರ ಅವರಿಗೆ ಅಕ್ಕರೆ. 2022ರ ಆಗಸ್ಟ್‌ನಲ್ಲಿ ಅಲ್ಲಿ ಚಿರತೆ ಸೇರಿಕೊಂಡಿತ್ತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು, ಬೋನು ಇಟ್ಟರು, ಸಕ್ರೆಬೈಲಿನಿಂದ ಆನೆಗಳೂ ಬಂದವು. ಚಿರತೆ ಕೈಗೆ ಸಿಗಲಿಲ್ಲ. 'ಪೀಟ್ ಡೈ ನೀರಿಟ್ಟ, ಉಸುಕಿಟ್ಟ. ಚಿರತಿ ಇಡೋ ಧೈರ್ಯ ಯಾರಿಗಿತ್ತು? ಅದಕ್ಕ ಹಜಾರ್ಡ್ ಅಂತಾರ!'

ಹುಬ್ಬಳ್ಳಿಗೆ ಸದ್ಯ ಗಾಲ್ಫ್ ಮೈದಾನವೆಂದು ಅವರು ಮಂಜೂರು ಮಾಡಿರುವುದು ರೈಲ್ವೆ ಸ್ಟೇಷನ್ನನ್ನು. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದನೆಯದು, 1,507 ಮೀಟರ್. 'ಸರಿಯಾಗಿ ಮೂರು ಪಾರ್ ಫೈವ್ ಹೋಲ್ ಕೂಡ್ತಾವ' ಎಂದು ಲೆಕ್ಕ ಹಾಕಿದ್ದಾರೆ. ಆದರೆ ನೆಲ ಪೂರಾ ನೇರ, ಏರಿಳಿತ ಇಲ್ಲ, ಹೀಗಾಗಿ ವಿನ್ಯಾಸಕ್ಕೆ ಹತ್ತಕ್ಕೆ ನಾಲ್ಕು.

ಇಷ್ಟರಲ್ಲಿ ಫೋನು ಬಾರಿಸುತ್ತದೆ. ಕಾಕುನದು. 'ಕೇಳಸ್ತೇನ್ರೀ, ನಳಾ ಬಂತು, ಲಗೂ ಬರ್ರಿ.' 24 ತಾಸೂ ನೀರು ಬಿಡುವ ಯೋಜನೆ ಹುಬ್ಬಳ್ಳಿಯ ಕೆಲವು ವಾರ್ಡುಗಳಲ್ಲಿ 2008ರಲ್ಲೇ ಶುರುವಾಯಿತು. ಕಾಕಾರ ಓಣಿಗೆ ನಳದ ನೀರು ಬಂದ ದಿನ ಇನ್ನೂ ಹಬ್ಬ. ನಡುಗಡ್ಡೆಯ ಹಸಿರು, ನೆಬ್ರಾಸ್ಕಾದ ಗುಡ್ಡ ಎಲ್ಲವನ್ನೂ ಬೆಂಚಿನ ಮೇಲೆ ಬಿಟ್ಟು ಅವರು ಎದ್ದು ಓಡುವ ವೇಗಕ್ಕೆ ಮೊಣಕಾಲು ನೋವಿನ ನೆನಪೂ ಇರುವುದಿಲ್ಲ. ಸಾಹೇಬರು ಹಿಂದಿನಿಂದ ಕೂಗುತ್ತಾರೆ, 'ಹೆಂಡ್ತಿ ಮಾತು ಕೇಳಿದ!'

ಒಮ್ಮೆ ಒಬ್ಬ ಹುಡುಗ ನೇರವಾಗಿಯೇ ಕೇಳಿಬಿಟ್ಟ, 'ಕಾಕಾ, ಆಡಲಿಕ್ಕೇ ಬರಲಾರದವರು ಡಿಸೈನ್ ಬಗ್ಗೆ ಹೆಂಗ ಹೇಳ್ತೀರಿ?' ಕಾಕಾ ಸಿಟ್ಟಾಗಲಿಲ್ಲ. 'ತಮ್ಮಾ, ಇದು ಗಂಗೂಬಾಯಿ ಹಾನಗಲ್ ಅವರ ಊರು. ಅವರ ಬೈಠಕ್‌ನಾಗ ಮುಂದಿನ ಸಾಲಿನಾಗ ಕೂತು ತಲಿ ತೂಗಿದವರಿಗೆಲ್ಲಾ ಸಾ ಹಚ್ಚಲಿಕ್ಕೆ ಬರ್ತಿತ್ತೇನು? ಆಚೆ ಧಾರವಾಡಕ್ಕ ಹೋಗು. ಒಂದು ಕವಿತಾ ಬರೀಲಾರದವರು ದಿನಾ ಎಷ್ಟು ಕವಿಗಳನ್ನ ನಪಾಸು ಮಾಡ್ತಾರ ಎಣಿಸಿಕೊಂಡು ಬಾ.' ಹುಡುಗ ಸುಮ್ಮನಾದ. ನನಗೂ ಎದುರಾಡುವುದು ಸಾಧ್ಯವಾಗಲಿಲ್ಲ. ಕೇಳುವ ಕಿವಿಗೆ, ನೋಡುವ ಕಣ್ಣಿಗೆ ಹಾಡುವ ಗಂಟಲಿನಷ್ಟೇ ಮರ್ಯಾದೆ ಕೊಟ್ಟ ಅವಳಿ ಊರುಗಳಿವು. ಕಾಕಾ ಆ ಮನೆತನದವರೇ, ರಾಗ ಮಾತ್ರ ಬೇರೆ.

ನಿಮಗೆ ಬಿಡುವಿದ್ದರೆ ಬೆಳಿಗ್ಗೆ ಆರೂವರೆಯ ಮೇಲೆ ಆ ಬೆಂಚಿಗೆ ಹೋಗಿ ಕೂಡಿ. ಸ್ಯಾಂಡ್ ಹಿಲ್ಸ್ ಚಲೋ ಅನ್ನಿ, ಕಾಕಾ ಚಹಾ ಕುಡಿಸುತ್ತಾರೆ. ಸಾಗ್ರಾಸ್ ಅನ್ನಿ, ಸಾಹೇಬರು ಗಿರ್ಮಿಟ್ ತರಿಸುತ್ತಾರೆ. ಎರಡೂ ಚಲೋ ಅಂತ ಮಾತ್ರ ಅಂದೀರಿ ಜೋಕೆ, ಇಬ್ಬರೂ ಒಂದಾಗಿ ಬಿಲ್ಲನ್ನು ನಿಮ್ಮ ಮುಂದೆ ಸರಿಸುತ್ತಾರೆ.