‘ಮುಖ ನೋಡಿ ಕತ್ತರಿಸುವವನಲ್ಲ ನಾನು’

ಮನೆಯ ಕಂಪ್ಯೂಟರಿಗೆ ಫೋಟೊ ತಿದ್ದುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂದು ಕೇಳಿದರೆ ಎಲ್ಲವೂ ತಮ್ಮ ಹೆಸರನ್ನೇ ಹೇಳುತ್ತವೆ. ಹಾಗಾಗಿ ಯಜಮಾನರ ಸಹವಾಸ ಬಿಟ್ಟು, ಅಷ್ಟೂ ಮನೆಗಳಲ್ಲಿ ಆಳಾಗಿ ದುಡಿಯುತ್ತಿರುವ ಒಬ್ಬರನ್ನು ಹಿಡಿದೆವು. ಹೆಸರು ಕ್ರಾಪ್, ಕಸುಬು ಫೋಟೊ ಕತ್ತರಿಸುವುದು. ಫೋಟೊಶಾಪಿನಿಂದ ಪೇಂಟ್‌ವರೆಗೆ, ಮೊಬೈಲ್ ಗ್ಯಾಲರಿಯಲ್ಲೂ ಇವರೇ. ಚೌಕಟ್ಟು ಮೀರಿ ಮಾತಾಡುವುದಿಲ್ಲ ಎಂಬ ಷರತ್ತಿನ ಮೇಲೆ ಕೂತರು. ಷರತ್ತು ಮುರಿದವರೂ ಅವರೇ.

ಸಂದರ್ಶಕ: ಇಷ್ಟು ಕಡೆ ದುಡಿಯುತ್ತೀರಿ. ಯಾವ ಮನೆ ವಾಸಿ?

ಕ್ರಾಪ್: ನನಗೇನು ಸ್ವಾಮಿ, ಎಲ್ಲಿ ಹೋದರೂ ಅದೇ ಕೆಲಸ. ಫೋಟೊಶಾಪಿನಲ್ಲಿ ‘ಸಿ’ ಒತ್ತಿದರೆ ಬರ್ತೀನಿ, ಗಿಂಪ್‌ನಲ್ಲಿ ಶಿಫ್ಟ್ ಜೊತೆ ‘ಸಿ’. ಜನ ಅರಮನೆಯನ್ನೇ ಬಾಡಿಗೆಗೆ ಹಿಡೀತಾರೆ, ಒಳಗೆ ಬಂದು ನನ್ನೊಬ್ಬನನ್ನೇ ಕರೀತಾರೆ. ಮಿಕ್ಕ ಆಳುಗಳೆಲ್ಲ ಆಕಳಿಸ್ತಾ ಕೂತಿರ್ತಾರೆ.

ಸಂದರ್ಶಕ: ಬಾಡಿಗೆ ಅಂದಿರಿ?

ಕ್ರಾಪ್: ಮತ್ತೇನು? ಅಮೆರಿಕದ ಥಾಮಸ್ ನೋಲ್, ಜಾನ್ ನೋಲ್ ಅಣ್ಣತಮ್ಮಂದಿರು ಕಟ್ಟಿದ್ದು ಫೋಟೊಶಾಪ್. 1990ರಲ್ಲಿ ಅಂಗಡಿಗೆ ಬಂತು, ಅದೂ ಮೊದಲು ಮ್ಯಾಕಿಂಟಾಶ್‌ಗೆ ಮಾತ್ರ. ಆಮೇಲೆ ಬಹಳ ಕಾಲ ಒಂದು ಸಲ ದುಡ್ಡು ಕೊಟ್ಟರೆ ಸ್ವಂತ ಆಗ್ತಿತ್ತು. 2013ರಿಂದ ಹೊಸದೆಲ್ಲ ಚಂದಾ ಲೆಕ್ಕ. ಕಟ್ಟೋದು ನಿಲ್ಲಿಸಿದರೆ ಬಾಗಿಲು ಮುಚ್ಚುತ್ತೆ. ಮದುವೆ ಆಲ್ಬಂ ಮಾಡೋ ಸ್ಟುಡಿಯೊದವರಿಗೆ ಗಿಟ್ಟುತ್ತೆ, ಇಲ್ಲ ಅನ್ನಲ್ಲ. ವರ್ಷಕ್ಕೆರಡು ಹುಟ್ಟುಹಬ್ಬದ ಫೋಟೊ ತಿದ್ದೋರಿಗೆ ಯಾಕೆ ಅಂತ.

ಸಂದರ್ಶಕ: ಬಾಡಿಗೆ ಕೊಡದೆಯೇ ಒಳಗೆ ಕೂತವರೂ ಇದ್ದಾರಲ್ಲ?

ಕ್ರಾಪ್: ನೆಂಟರ ಪೈಕಿ ‘ಕಂಪ್ಯೂಟರ್ ಗೊತ್ತಿರೋ ಹುಡುಗ’ ಒಬ್ಬ ಇರ್ತಾನೆ. ಪೆನ್‌ಡ್ರೈವಿನಲ್ಲಿ ತಂದು ಹಾಕ್ತಾನೆ. ಮೊದಲ ಸೂಚನೆಯೇ ‘ಆಂಟಿವೈರಸ್ ಆಫ್ ಮಾಡಿ’. ಕಳ್ಳ ಬರೋ ಹೊತ್ತಿಗೆ ನಾಯಿ ಕಟ್ಟಿಹಾಕಿ ಅಂದ ಹಾಗೆ! ಇಷ್ಟೆಲ್ಲ ಮಾಡಿ ತೆರೆದರೆ ಕಂಪ್ಯೂಟರಿನಲ್ಲಿರೋದು 4 ಜಿಬಿ ರ‍್ಯಾಮ್. ಈಗಿನ ಫೋಟೊಶಾಪ್ ಕಡಿಮೆ ಅಂದರೂ 8 ಕೇಳುತ್ತೆ. 24 ಮೆಗಾಪಿಕ್ಸೆಲ್ ಫೋಟೊ ಡಿಸ್ಕಿನಲ್ಲಿ ಮುದುಡಿಕೊಂಡು ಸಣ್ಣಗಿರುತ್ತೆ, ತೆರೆದಾಗ ಪಿಕ್ಸೆಲಿಗೆ ಮೂರು ಬೈಟ್‌ನಂತೆ 72 ಎಂಬಿ. ಮೇಲೆ ಇನ್ನೊಂದು ಲೇಯರ್ ಹೊದಿಸಿ, ಮತ್ತೆ 72. ಮನೆಯವರು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಪರದೆ ಮೇಲೆ ಚಕ್ರ ತಿರುಗ್ತಾನೇ ಇರುತ್ತೆ.

ಸಂದರ್ಶಕ: ಪುಕ್ಕಟೆ ಸಿಗುವ ಗಿಂಪ್?

ಕ್ರಾಪ್: ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಹುಟ್ಟುಹಾಕಿದ್ದು, 1995ರಲ್ಲಿ. ಲಿನಕ್ಸ್‌ನ ಪೆಂಗ್ವಿನ್ ಇದೆಯಲ್ಲ, ಅದು ಮೂಡಿದ್ದೂ ಗಿಂಪ್‌ನಲ್ಲೇ. ಶಕ್ತಿಗೆ ಕೊರತೆಯಿಲ್ಲ, ಅವಸರ ಇಲ್ಲ ಅಷ್ಟೆ: 2.10 ಬಂದದ್ದು 2018ರಲ್ಲಿ, 3.0 ಬಂದದ್ದು 2025ರಲ್ಲಿ. ಹೊಸಬರು ಮೊದಲ ದಿನವೇ ಜಗಳಕ್ಕೆ ನಿಲ್ತಾರೆ. ಅಲ್ಲಿ ‘ಸೇವ್’ ಅಂದರೆ ಎಕ್ಸ್‌ಸಿಎಫ್ ಅನ್ನೋ ಅದರದ್ದೇ ಫೈಲು. ಜೆಪೆಗ್ ಬೇಕಾದರೆ ‘ಎಕ್ಸ್‌ಪೋರ್ಟ್’ ಅನ್ನಬೇಕು. ಇವರು ಎಕ್ಸ್‌ಸಿಎಫ್ಫನ್ನೇ ಫೋಟೊ ಅಂಗಡಿಗೆ ಕಳಿಸ್ತಾರೆ, ಅವರು ‘ಓಪನ್ ಆಗ್ತಿಲ್ಲ ಸಾರ್’ ಅಂತಾರೆ, ಬೈಗುಳ ಗಿಂಪ್‌ಗೆ. ನಾನಂತೂ ಗಿಂಪ್ ಕಡೆ. ನಿಮಗೆ ಗೊತ್ತಿಲ್ಲದ ಹಾಗೆ ಮೂಲ ಫೋಟೊ ಅಳಿಸಿಹೋಗೋಕೆ ಅದು ಬಿಡಲ್ಲ.

ಸಂದರ್ಶಕ: ಮೂಲ ಫೋಟೊ ಉಳಿಯುವುದು ಅಷ್ಟು ಮುಖ್ಯವೇ?

ಕ್ರಾಪ್: ಬೇರೇನೂ ನೋಡದಿದ್ದರೂ ಅದನ್ನು ನೋಡಿ ಸಾಫ್ಟ್‌ವೇರ್ ಆರಿಸಿ. ಮನೆಗಳಲ್ಲಿ ನನ್ನ ಅರ್ಧ ಕೆಲಸ ಏನಂದುಕೊಂಡ್ರಿ? ಮನುಷ್ಯರನ್ನು ತೆಗೆಯೋದು. ಆಸ್ತಿ ಪಾಲಾದ ವರ್ಷ ಚಿಕ್ಕಪ್ಪ ಹೋದರು. ನಿಶ್ಚಿತಾರ್ಥ ಮುರಿದಾಗ ಹುಡುಗ ಹೋದ. ಹುಡುಗಿ ಹೆಗಲ ಮೇಲೆ ಅವನ ನಾಲ್ಕು ಬೆರಳು ಉಳೀತು. ಮುಖ ನೋಡಿ ಕತ್ತರಿಸುವವನಲ್ಲ ನಾನು, ಹಾಕಿದ ಗೆರೆಗೆ ಕತ್ತರಿಸ್ತೀನಿ.

ಆದರೆ ಕತ್ತರಿಸಿದವರು ಎಲ್ಲಿಗೆ ಹೋಗ್ತಾರೆ ಅನ್ನೋದು ಮನೆಯಿಂದ ಮನೆಗೆ ಬೇರೆ. ಲೈಟ್‌ರೂಮ್, ಡಾರ್ಕ್‌ಟೇಬಲ್‌ಗಳಲ್ಲಿ ಯಾರೂ ಹೋಗಲ್ಲ. ಫೋಟೊ ಇದ್ದ ಹಾಗೇ ಇರುತ್ತೆ, ‘ಇಲ್ಲಿಂದ ಇಲ್ಲಿವರೆಗೆ ತೋರಿಸು’ ಅಂತ ಪಕ್ಕದಲ್ಲೊಂದು ಟಿಪ್ಪಣಿ ಬರೆದಿಡ್ತಾರೆ. ಪಿಕಾಸಾ ಇನ್ನೂ ಮಜಾ: ಸೇವ್ ಮಾಡಿದಾಗ ಹಳೇ ಪ್ರತಿಯನ್ನು ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ ಬಚ್ಚಿಡ್ತಿತ್ತು. 2016ರಲ್ಲಿ ಗೂಗಲ್‌ನವರು ಪಿಕಾಸಾ ನಿಲ್ಲಿಸಿದರು. ಎಷ್ಟು ಹಳೇ ಹಾರ್ಡ್‌ಡಿಸ್ಕುಗಳಲ್ಲಿ ಎಷ್ಟು ಚಿಕ್ಕಪ್ಪಂದಿರು ಇನ್ನೂ ಕೂತಿದ್ದಾರೋ! ಫೋಟೊಶಾಪಿನಲ್ಲಿ ಕತ್ತರಿಸಿದ ಪಿಕ್ಸೆಲ್ ಅಳಿಸಬೇಕೋ ಬೇಡವೋ ಅಂತ ಕೇಳೋ ಪುಟ್ಟ ಚೌಕ ನನ್ನ ಮಗ್ಗುಲಲ್ಲೇ ಇದೆ, ಯಾರೂ ಓದಲ್ಲ. ಪೇಂಟ್‌ನಲ್ಲಿ ಸೇವ್ ಒತ್ತಿ ಮುಚ್ಚಿದಿರೋ, ಅಲ್ಲಿಗೆ ಮುಗೀತು. ಅದರ ಮೇಲೆ, ಜೆಪೆಗ್ ಫೋಟೊ ತಿದ್ದಿ ಉಳಿಸಿದಾಗಲೆಲ್ಲ ಒಂಚೂರು ಸವೆಯುತ್ತೆ. ಒಬ್ಬೊಬ್ಬರನ್ನೇ ತೆಗೀತಾ ಹೋದರೆ, ಉಳಿದವರ ಮುಖವೂ ಮಸುಕಾಗುತ್ತೆ.

ಸಂದರ್ಶಕ: ಇನ್ನರ್ಧ ಕೆಲಸ?

ಕ್ರಾಪ್: ಅರ್ಜಿ ಫೋಟೊ. ಬ್ಯಾಂಕ್ ಪರೀಕ್ಷೆಗೆ ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20. ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಫೋಟೊ 51 ಕೆಬಿ ಅಂತ ತೋರಿಸುತ್ತೆ, ಮನೆಯಲ್ಲಿ ಕೂಗಾಟ. ಇದಕ್ಕೆ ಇರ್ಫಾನ್‌ವ್ಯೂ ಸಾಕು ಕಣ್ರೀ. ಬೋಸ್ನಿಯಾ ಮೂಲದ ಇರ್ಫಾನ್ ಶ್ಕಿಲ್ಯಾನ್ ಅನ್ನೋರು 1996ರಲ್ಲಿ ಬಿಟ್ಟದ್ದು, ಮನೆ ಬಳಕೆಗೆ ಉಚಿತ, ಹಳೇ ಕಂಪ್ಯೂಟರಿಗೂ ಭಾರ ಅಲ್ಲ. ಚೌಕ ಎಳೆದು ಕಂಟ್ರೋಲ್ ಜೊತೆ ‘ವೈ’ ಒತ್ತಿ, ನಾನು ಹಾಜರ್. ಉಳಿಸುವಾಗ ಇಷ್ಟು ಕೆಬಿ ಅಂತ ಬರೆದರೆ ಅದೇ ಹೊಂದಿಸಿಕೊಳ್ಳುತ್ತೆ. ಪಾಸ್‌ಪೋರ್ಟ್ ಅಳತೆ, 35×45 ಮಿ.ಮೀ., 300 ಡಿಪಿಐನಲ್ಲಿ ಅಚ್ಚು ಹಾಕೋಕೆ 413×531 ಪಿಕ್ಸೆಲ್ ಇದ್ದರಾಯ್ತು.

ಸಂದರ್ಶಕ: ಕೈಲಾಗದ ಕೆಲಸ ಅಂತ ಏನಾದರೂ ಇದೆಯೇ?

ಕ್ರಾಪ್: ಹಾರ ಹಾಕೋ ಫೋಟೊ. ತಾತ ಹೋದ ಮೇಲೇ ಗೊತ್ತಾಗೋದು, ಅವರೊಬ್ಬರೇ ಇರೋ ಫೋಟೊ ಮನೆಯಲ್ಲಿಲ್ಲ ಅಂತ. ಮದುವೆ ಗುಂಪಿನ ಹಿಂದಿನ ಸಾಲಿನಿಂದ ತೆಗೀರಿ ಅಂತಾರೆ, ಅದೂ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ಬಂದ ಪ್ರತಿ. ಮುಖದ ಅಗಲಕ್ಕೆ ನೂರು ಪಿಕ್ಸೆಲ್ ಇದ್ದರೆ ಹೆಚ್ಚು. ಇವರಿಗೆ ಬೇಕಾದ್ದು ಹನ್ನೆರಡು ಇಂಚಿನ ಕಟ್ಟು. ಚೆನ್ನಾಗಿ ಬರಬೇಕಾದರೆ ಅಡ್ಡಕ್ಕೆ 3,600 ಪಿಕ್ಸೆಲ್. ನಾನು ಕಳೆಯೋನು ಸ್ವಾಮಿ, ಕೂಡಿಸೋನಲ್ಲ.

ಸಂದರ್ಶಕ: ಈಗ ಎಐ ಕೂಡಿಸುತ್ತದಂತೆ?

ಕ್ರಾಪ್: ಕೇಳಬೇಡಿ ಆ ಕಥೆ. 2023ರಲ್ಲಿ ಫೋಟೊಶಾಪಿನವರು ಅದನ್ನು ನನ್ನ ಕೈಗೇ ಕಟ್ಟಿದರು! ಚೌಕಟ್ಟನ್ನು ಹೊರಗೆಳೆದರೆ ಖಾಲಿ ಜಾಗಕ್ಕೆ ಎಐ ಏನಾದರೊಂದು ತುಂಬುತ್ತೆ. ಒಬ್ಬ ತಾತನ ಎಡಭುಜ ನೆಂಟರ ಹಿಂದೆ ಮರೆಯಾಗಿತ್ತು. ಎಐ ಹೊಸ ಭುಜ ಕೊಟ್ಟಿತು, ಕೊಟ್ಟದ್ದಕ್ಕೆ ಕೋಟೂ ತೊಡಿಸಿತು. ಬದುಕಿದ್ದಷ್ಟು ದಿನ ಪಂಚೆ-ಶಲ್ಯ ಬಿಟ್ಟು ಬೇರೆ ಕಾಣದ ಮನುಷ್ಯ ಗೋಡೆ ಮೇಲೆ ಅರ್ಧ ಸೂಟಿನಲ್ಲಿ! ಹಾರ ಹಾಕೋಕೆ ಬಂದ ಅಜ್ಜಿ ಕೇಳಿದ್ದು ಒಂದೇ: ‘ಯಾರಪ್ಪಾ ಇವರು?’

ಸಂದರ್ಶಕ: ಕೊನೆಯದಾಗಿ ಓದುಗರ ಪರವಾಗಿ. ಹಾಲಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ 4 ಜಿಬಿ ಕಂಪ್ಯೂಟರಿಗೆ ಏನು ಹಾಕಿಸಿಕೊಳ್ಳಲಿ... ಕೊಳ್ಳಬೇಕು?

ಕ್ರಾಪ್: ಓದುಗರದ್ದೋ, ತಮ್ಮದೋ?

ಸಂದರ್ಶಕ: ಓದುಗರದ್ದೇ. ಅವರಿಗೆ ಮಗನ ಅರ್ಜಿ ಕೆಲಸ ಇದೆ. ಜೊತೆಗೆ ಗೃಹಪ್ರವೇಶದ ಗುಂಪು ಫೋಟೊದಿಂದ ಷಡ್ಡಕನನ್ನು ಸ್ವಲ್ಪ...

ಕ್ರಾಪ್: ಅರ್ಜಿಗೆ ಇರ್ಫಾನ್‌ವ್ಯೂ. ಷಡ್ಡಕರಿಗೆ ಗಿಂಪ್. ಮೂಲ ಫೋಟೊ ಬೇರೆ ಫೋಲ್ಡರಿನಲ್ಲಿರಲಿ, ಯಾರದಾದರೂ ನಾಮಕರಣದಲ್ಲಿ ರಾಜಿ ಆಗುತ್ತೆ. ಬಹಳ ನೋಡಿದ್ದೀನಿ.

ಸಂದರ್ಶಕ: ಆಗಲ್ಲ.

ಕ್ರಾಪ್: ಸರಿ. ಅವರು ನಿಂತಿರೋದು ಎಡಕ್ಕೋ ಬಲಕ್ಕೋ?

ಸಂದರ್ಶಕ: ನಡುಮಧ್ಯ. ಮನೆ ಅವರದ್ದೇ.

ಕ್ರಾಪ್: ಹಾಗಾದರೆ ಅವರು ನನ್ನ ಕೈಗೆ ಸಿಕ್ಕಲ್ಲ ಸ್ವಾಮಿ. ತಾವು ಯಾವ ಅಂಚಿನಲ್ಲಿದ್ದೀರಿ?