ಬಚ್ಚಲ ಸಸ್ಯ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ: ಮಧುರೆ ಎಂಬ ಹಳ್ಳಿಯ ಹಿತ್ತಲೊಂದರಲ್ಲಿ ಬಚ್ಚಲ ನೀರನ್ನು ಹಾಯಿಸಿ ತಿಳಿಮಾಡಲು ಜಲ್ಲಿ ತುಂಬಿದ ತೊಟ್ಟಿ, ಅದರಲ್ಲಿ ನೆಡತಕ್ಕ ಗಿಡ. ಪ್ರಯೋಜನ: ಸಾವಿರ ಅಡಿ ಕೊರೆದು ಎತ್ತಿದ ನೀರನ್ನು ಒಂದೇ ಸಲ ಮೈಮೇಲೆ ಸುರಿದುಕೊಂಡು ಮೋರಿಗೆ ಬಿಟ್ಟ ಪಾಪಕ್ಕೆ ಪರಿಹಾರ. ಸಂಬಂಧ: ಪಕ್ಕದ ಮನೆಯವರೊಂದಿಗೆ ಇನ್ನೂ ಉಳಿದಿರುವಷ್ಟು. ಅಧಿಕಾರಿ: ಮೀಯುವ, ಬಟ್ಟೆ ಒಗೆಯುವ, ಪಾತ್ರೆ ಬೆಳಗುವ ಸರ್ವರೂ. ಕಕ್ಕಸಿನ ನೀರಿಗೆ ಇಲ್ಲಿ ಪ್ರವೇಶವಿಲ್ಲ. ಅದಕ್ಕೆ ಬೇರೆ ಗುಂಡಿ, ಬೇರೆ ಶಾಸ್ತ್ರ.

ಪರಿಮಾಣ ಪ್ರಕರಣ

ಜಲಜೀವನ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ತಲೆಗೆ 275. ಮೂರರಲ್ಲಿ ಎರಡು ಪಾಲು ಬಚ್ಚಲು ದಾಟಿ ಬಂದರೂ ಸುಮಾರು 180 ಲೀಟರ್ ಆಯಿತು. ಇದಕ್ಕೆ ತಲೆಗೆ ಒಂದೆರಡು ಚದರ ಮೀಟರ್ ತೊಟ್ಟಿ ಸಾಕು. ನೆಂಟರು ಈ ಗಣಿತದೊಳಗೆ ಬರುವುದಿಲ್ಲ, ಮನೆಯೊಳಗೆ ಬರುತ್ತಾರೆ.

ಪೂರ್ವಪಕ್ಷ

ಬಾಳೆವಾದಿಗಳು ಹೇಳುತ್ತಾರೆ: ಅಜ್ಜಿಯ ಕಾಲದಿಂದ ಬಚ್ಚಲ ಬಾಯಿಗೆ ಬಾಳೆಯೇ. ಒಪ್ಪಿದೆವು. ಆದರೆ ಬಾಳೆ ನೀರು ಕುಡಿಯುವ ಗಿಡ, ನೀರಲ್ಲಿ ನಿಲ್ಲುವ ಗಿಡವಲ್ಲ. ಸದಾ ನೆಂದ ಜಲ್ಲಿಯಲ್ಲಿ ಬೇರು ಕೊಳೆಯುತ್ತದೆ. ತೊಟ್ಟಿ ದಾಟಿ ಬಂದ ನೀರಿಗೆ ಅದನ್ನು ಕೂರಿಸಿ.

ಜೊಂಡುವಾದಿಗಳಿಗೆ ಕೆರೆಯಂಗಳದ ಬಿಟ್ಟಿ ಮಾಲೇ ಪ್ರಮಾಣ. ತರುವುದು ಎರಡು ಬುಡ. ನೋಡನೋಡುತ್ತ ತೊಟ್ಟಿ ಜೊಂಡಿನದು, ಮನೆಯವರು ಬಾಡಿಗೆದಾರರು.

ತಾವರೆವಾದಿಗಳು ರಸಿಕರು. ತಾವರೆಗೆ ತೆರೆದು ನಿಂತ ನೀರು ಬೇಕು. ಸೊಳ್ಳೆಗೂ ಅದೇ ಬೇಕು. ಆದ್ದರಿಂದ ನೀರು ಜಲ್ಲಿಯ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗೇ ಹರಿಯತಕ್ಕದ್ದು. ತಾವರೆ ಗೋಡೆಯ ಕ್ಯಾಲೆಂಡರಿನಲ್ಲೇ ಅರಳತಕ್ಕದ್ದು.

ಒಂದೆಲಗವಾದಿಗಳು ಚಟ್ನಿಯ ಆಸೆಯವರು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬಚ್ಚಲ ನೀರು ನಿಷಿದ್ಧ. ವಾದ ಮುಗಿಯಿತು.

ಸಿದ್ಧಾಂತ

ಕಾಬಾಳೆಯೇ ಶ್ರೇಷ್ಠ. ಕಾಲು ನೆಂದರೆ ಗೊಣಗುವುದಿಲ್ಲ, ಜಲ್ಲಿಯ ತುಂಬ ಬೇರು ಬಿಡುತ್ತದೆ, ಕಡಿದಷ್ಟೂ ಚಿಗುರುತ್ತದೆ, ಕೆಂಪು ಹಳದಿ ಹೂವನ್ನೂ ಕೊಡುತ್ತದೆ. ಜೊತೆಗೆ ಕೆಸು, ಬಜೆ, ಲಾಮಂಚ ಇರಲಿ.

ಇಲ್ಲಿ ಒಂದು ಆಕ್ಷೇಪ. ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಸೈಡೆಲ್ 1950ರ ದಶಕದಲ್ಲೇ ನೀರುಹುಲ್ಲನ್ನು ಕೊಳಕು ನೀರಿನ ಕೆಲಸಕ್ಕೆ ಹಚ್ಚಿದರು. ಅನಂತರದ ಪಂಡಿತರು ಅಳೆದು ಕಂಡದ್ದು ಬೇರೆ: ಕೊಳೆಯ ಬಹುಪಾಲನ್ನು ತಿನ್ನುವುದು ಕಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು. ಗಿಡದ ಪಾಲು ಬೇರಿನ ಹಾದಿಯಲ್ಲಿ ಒಂದಿಷ್ಟು ಗಾಳಿ ಇಳಿಸುವುದು, ಜಲ್ಲಿಯನ್ನು ಸಡಿಲವಿಡುವುದು. ಹಾಗಿದ್ದೂ ಫೋಟೋ ತೆಗೆಸಿಕೊಳ್ಳುವುದು ಹೂವೇ. ಲೋಕದ ಎಲ್ಲ ಸಮಿತಿಗಳಲ್ಲೂ ಇದೇ ಪದ್ಧತಿಯಾದ್ದರಿಂದ ಸಿದ್ಧಾಂತಕ್ಕೆ ಹಾನಿಯಿಲ್ಲ.

ಶನಿವಾರ ಪ್ರಕರಣ

ಪಕ್ಕದ ಚಿಕ್ಕಮಧುರೆಯಲ್ಲಿ ಶನಿಮಹಾತ್ಮನಿಗೆ ಎಳ್ಳೆಣ್ಣೆ ಪ್ರಿಯ. ಜಲ್ಲಿಗೆ ಯಾವ ಎಣ್ಣೆಯೂ ಪ್ರಿಯವಲ್ಲ. ಶನಿವಾರದ ಎಣ್ಣೆಸ್ನಾನದ ಜಿಡ್ಡು, ಸೀಗೆಪುಡಿ, ಸಾರಿನ ಪಾತ್ರೆಯ ಪಸೆ ಎಲ್ಲವೂ ತೊಟ್ಟಿಗೆ ಮುಂಚಿನ ಒಂದು ಪುಟ್ಟ ಗುಂಡಿಯಲ್ಲೇ ತಡೆದು ನಿಲ್ಲಬೇಕು, ಆಗಾಗ ಯಾರಾದರೂ ಬಗ್ಗಿ ಅದನ್ನು ಎತ್ತಿಹಾಕಬೇಕು.

ಆ ‘ಯಾರಾದರೂ’ ಯಾರೆಂಬುದರಲ್ಲಿ ಎರಡು ಸಂಪ್ರದಾಯಗಳಿವೆ. ಗಂಡನ ಮತದಲ್ಲಿ ಅದು ಪಾತ್ರೆ ತೊಳೆಯುವವರ ಧರ್ಮ. ಹೆಂಡತಿಯ ಮತದಲ್ಲಿ ತೊಟ್ಟಿ ಕಟ್ಟಿಸಿ ಊರಿಗೆಲ್ಲ ತೋರಿಸಿದವರ ಕರ್ಮ. ಸಮನ್ವಯ ಭಾಷ್ಯ ಇನ್ನೂ ಹುಟ್ಟಿಲ್ಲ. ಅದು ಹುಟ್ಟುವವರೆಗೆ ಕಾಬಾಳೆ ನೆಟ್ಟರೂ ಕಲ್ಪವೃಕ್ಷವನ್ನೇ ನೆಟ್ಟರೂ ಜಲ್ಲಿ ಕಟ್ಟಿಕೊಳ್ಳುತ್ತದೆ.